ಗಟಾರದ ನೀರೂ ಸುದ್ದಿ ಹೇಳುತ್ತದೆ

ನಾನು ಹುಟ್ಟಿ ಬೆಳೆದದ್ದು ಬಸವಕಲ್ಯಾಣದಲ್ಲಿ. ಹೈಸ್ಕೂಲಿನ ಮಕ್ಕಳಿಗೆ ವಿಜ್ಞಾನ ಕಲಿಸಿದ್ದು ಹುಮನಾಬಾದಿನಲ್ಲಿ. ಸಸ್ತಾಪುರ ಬಂಗ್ಲಾದಲ್ಲಿ ಬಸ್ಸಿಗೆ ಕಾಯುತ್ತ ವರ್ಷಗಟ್ಟಲೆ ಓಡಾಡಿದ್ದರಿಂದ ಈ ಎರಡು ಊರುಗಳ ನಡುವಿನ ನೆಲ ನನಗೆ ಚೆನ್ನಾಗಿ ಗೊತ್ತು. ನೀರಿನ ಲೆಕ್ಕದಲ್ಲಿ ಅದು ಸೋಜಿಗದ ನೆಲ. ಇಲ್ಲಿ ಬಿದ್ದ ಮಳೆಯ ಒಂದು ಪಾಲು ಕಾರಂಜಾ, ಮಾಂಜ್ರಾ ನದಿಗಳ ಮೂಲಕ ಗೋದಾವರಿಗೆ ಹೋಗುತ್ತದೆ. ಇನ್ನೊಂದು ಪಾಲು ಮುಲ್ಲಾಮಾರಿ, ಕಾಗಿಣಾ, ಭೀಮಾ ನದಿಗಳನ್ನು ಹಾದು ಕೃಷ್ಣೆಗೆ ಸೇರುತ್ತದೆ. ಅಕ್ಕಪಕ್ಕದ ಎರಡು ಹೊಲಗಳ ನೀರು ಎರಡು ಮಹಾನದಿಗಳ ದಾರಿ ಹಿಡಿಯಬಹುದು.

ನೆಲದ ಕೆಳಗೂ ಒಂದು ದಾರಿ ಇದೆ. ನಮ್ಮ ಕಡೆ ಮೇಲೆ ಕೆಂಪು ಜಂಬಿಟ್ಟಿಗೆ ಕಲ್ಲು, ಅದರಡಿ ಗಟ್ಟಿ ಕರಿಕಲ್ಲು. ಜಂಬಿಟ್ಟಿಗೆಯ ತುಂಬ ತೂತುಗಳು. ಮಳೆನೀರು ಅದರಲ್ಲಿ ಬೇಗ ಇಳಿಯುತ್ತದೆ. ಕರಿಕಲ್ಲು ಅಡ್ಡ ಬಂದಲ್ಲಿ ಪಕ್ಕಕ್ಕೆ ಸರಿದು ಬಾವಿಗಳಲ್ಲಿ ಸೆಲೆಯಾಗಿ ಕಾಣಿಸಿಕೊಳ್ಳುತ್ತದೆ. ಬೀದರಿನ ನೌಬಾದ್ ಬಳಿ ಬಹಮನಿ ಕಾಲದವರು ನೆಲದಡಿ ಸುರಂಗ ಬಾವಿ ತೋಡಿದ್ದು ಈ ಗುಣವನ್ನು ನಂಬಿಯೇ. ಆದರೆ ಮಳೆನೀರಿಗೆ ದಾರಿ ಬಿಡುವ ಕಲ್ಲು ಪಾಯಖಾನೆ ಗುಂಡಿಯ ನೀರಿಗೂ ದಾರಿ ಬಿಡುತ್ತದೆ.

ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಅದು ಮನಸ್ಸಿಗೆ ನಾಟಿದ್ದು ಮಾತ್ರ ನಮ್ಮ ಓಣಿಯ ಒಂದು ಬಾವಿಯಿಂದ.

ಆ ಬಾವಿಯ ಒಡತಿಯನ್ನು ಇಡೀ ಓಣಿ ‘ಆಯಿ’ ಎಂದೇ ಕರೆಯುತ್ತಿತ್ತು. ಬೇಸಿಗೆಯಲ್ಲಿ ನಳಕ್ಕೆ ನೀರು ಬಾರದ ದಿನ ಎಲ್ಲರ ಕೊಡಗಳೂ ಅವಳ ಹಿತ್ತಲಿಗೆ. ಕೊಡ ತಂದವರ ಕುಲ, ಹೆಸರು ಅವಳು ಕೇಳಿದ್ದಿಲ್ಲ. ಸುಮಾರು 15 ವರ್ಷಗಳ ಹಿಂದೆ, ಮಳೆಗಾಲದ ಒಂದೇ ವಾರದಲ್ಲಿ ಓಣಿಯ ಮೂವರು ಮಕ್ಕಳಿಗೆ ವಾಂತಿ-ಭೇದಿ ಶುರುವಾಯಿತು. ಅವರಲ್ಲಿ ಒಬ್ಬ ಆಯಿಯ ಮೊಮ್ಮಗ. ಆಸ್ಪತ್ರೆಯಲ್ಲಿ 4 ದಿನ ಸಲಾಯಿನ್ ಹಚ್ಚಿದರು. ಹುಡುಗ ಬದುಕಿ ಮನೆಗೆ ಬಂದಾಗ ಕಣ್ಣು ಗುಳಿ ಬಿದ್ದಿದ್ದವು.

ನಾನು ಶಾಲೆಗೆ ತರಿಸಿದ್ದ ಕೆಲವು ಚಿಕ್ಕ ಪರೀಕ್ಷಾ ಬಾಟಲಿಗಳನ್ನು ಓಣಿಗೆ ಒಯ್ದೆ. ಮಕ್ಕಳೇ, ಈ ಬಾಟಲಿಯ ಕಥೆ ನೀವು ತಿಳಿಯಬೇಕು. ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಸಂಸ್ಥೆಯಲ್ಲಿದ್ದ ಕೆ.ಎಸ್. ಮಂಜಾ ಮತ್ತು ಅವರ ಸಂಗಡಿಗರು 1982ರಲ್ಲಿ ಈ ಸರಳ ವಿಧಾನವನ್ನು ಪ್ರಕಟಿಸಿದರು. ನಮ್ಮ ಕರುಳಿನಲ್ಲಿ ಬದುಕುವ ಹಲವು ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಹುಟ್ಟಿಸುತ್ತವೆ. ಬಾಟಲಿಯೊಳಗೆ ಆ ಬ್ಯಾಕ್ಟೀರಿಯಾಗಳಿಗೆ ಬೇಕಾದ ಆಹಾರವೂ ಕಬ್ಬಿಣದ ಅಂಶವೂ ಇರುತ್ತವೆ. ನೀರು ತುಂಬಿ ಮುಚ್ಚಿ ಒಂದೆರಡು ದಿನ ಬೆಚ್ಚಗಿನ ಜಾಗದಲ್ಲಿಟ್ಟರೆ ಸಾಕು. ಮಲದ ಅಂಶ ಸೇರಿದ ನೀರಾದರೆ ಅನಿಲವು ಕಬ್ಬಿಣದೊಂದಿಗೆ ಕೂಡಿ ಬಾಟಲಿ ಕಪ್ಪಾಗುತ್ತದೆ. ಕರೆಂಟು ಬೇಡ, ದೊಡ್ಡ ಪ್ರಯೋಗಾಲಯ ಬೇಡ.

ಆಯಿಯ ಬಾವಿಯ ಬಾಟಲಿ ಎರಡನೆಯ ದಿನ ಡಾಂಬರಿನಂತೆ ಕಪ್ಪಾಯಿತು. ತೋರಿಸಲು ಹೋದಾಗ ಆಕೆ ಸಿಟ್ಟಾದಳು.

“ನಮ್ಮ ಅತ್ತಿ ಕಾಲದಿಂದ ಓಣಿಗೆ ಕುಡಿಸಿದ ನೀರಿದು. ನನ್ನ ನೀರಿಗಿ ಹೆಸರಿಡಲಿಕ್ಕ ಬಂದೀ ಏನು ತಮ್ಮಾ?”

ಆ ಸಿಟ್ಟಿನ ಹಿಂದೆ ಇದ್ದದ್ದು ನೋವು. ಪುಣ್ಯವೆಂದು ಕೊಟ್ಟ ನೀರೇ ಮಕ್ಕಳನ್ನು ಮಲಗಿಸಿತು ಎಂದರೆ ಯಾರಿಗೆ ಸಹಿಸಲಾದೀತು? ನಾನು ವಾದ ಮಾಡಲಿಲ್ಲ. ಉಳಿದಿದ್ದ ಎರಡು ಬಾಟಲಿಗಳನ್ನು ಅವಳ ಕೈಗೇ ಕೊಟ್ಟೆ. ಒಂದಕ್ಕೆ ತಾನೇ ಬಾವಿಯಿಂದ ಸೇದಿದ ನೀರು ತುಂಬಿದಳು. ಇನ್ನೊಂದಕ್ಕೆ ತನ್ನ ಒಲೆಯ ಮೇಲೆ ಕುದಿಸಿ ಆರಿಸಿದ ಅದೇ ನೀರು. ಎರಡನ್ನೂ ದೇವರ ಜಗಲಿಯ ಮೇಲೆ ಇಟ್ಟಳು. ಮೂರನೆಯ ದಿನ ಬೆಳಿಗ್ಗೆ ನನ್ನನ್ನು ಕರೆಸಿದಳು. ಕುದಿಸಿದ ನೀರಿನ ಬಾಟಲಿ ಇದ್ದಂತೆಯೇ ಇತ್ತು. ಬಾವಿಯದು ಕಪ್ಪಾಗಿತ್ತು.

“ದೇವರ ಮುಂದ ಇಟ್ಟಿದ್ದೆ. ಇದು ಸುಳ್ಳ ಹೇಳಂಗಿಲ್ಲ,” ಎಂದಳು.

ಅಂದು ಸಂಜೆ ಕೊಡ ತಂದವರಿಗೆಲ್ಲ ಅವಳೇ ಹೇಳಿದಳು: “ಬಟ್ಟಿ-ಭಾಂಡಿ ತೊಳಿಲಿಕ್ಕ ಒಯ್ಯಿರಿ. ಕುಡಿಲಿಕ್ಕ ಬ್ಯಾಡ.” ಕಾರಣ ಹುಡುಕಿದಾಗ ಬಾವಿಯ ಮೇಲುಗಡೆ, ಕೇವಲ 20 ಅಡಿ ದೂರದಲ್ಲಿ ಪಕ್ಕದ ಮನೆಯವರ ಹೊಸ ಪಾಯಖಾನೆ ಗುಂಡಿ ಕಾಣಿಸಿತು. ಅವರಿಗೆ ಬೇರೆ ಜಾಗ ಇರಲಿಲ್ಲ. ಜಗಳ ಶುರುವಾಗುವ ಹೊತ್ತಿಗೆ ಆಯಿ ತನ್ನ ಹಿತ್ತಲಿನ ಕೆಳಗಿನ ಮೂಲೆಯನ್ನು ಗುಂಡಿಗೆಂದು ಬಿಟ್ಟುಕೊಟ್ಟಳು. ಅಲ್ಲಿ ಅವಳು ಬದನಿ, ಮೆಣಸಿನಗಿಡ ಹಾಕುತ್ತಿದ್ದಳು. ಮುಂದಿನ ಮಳೆಗಾಲದಲ್ಲಿ ಬಾವಿಯ ಬಾಟಲಿ ಕಪ್ಪಾಗಲಿಲ್ಲ. ಆದರೂ ಕುಡಿಯುವ ನೀರನ್ನು ಆಕೆ ಕುದಿಸುವುದು ಬಿಡಲಿಲ್ಲ.

ಅವಳು ಮಾಡಿದ್ದು ಸರಿಯೇ. ಆ ಬಾಟಲಿಗೆ ಎಲ್ಲವೂ ಕಾಣುವುದಿಲ್ಲ. ಹುಮನಾಬಾದಿನ ಕೈಗಾರಿಕಾ ಪ್ರದೇಶದ ಸುತ್ತಲಿನ ಹಳ್ಳಿಯವರು ನೀರಿನ ವಾಸನೆ, ಬಣ್ಣ ಕೆಟ್ಟಿದೆ ಎಂದು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ರಾಸಾಯನಿಕವನ್ನು ಈ ಬಾಟಲಿ ಹಿಡಿಯಲಾರದು. ಕುದಿಸಿದರೂ ರೋಗಾಣು ಸಾಯುತ್ತವೆಯೇ ಹೊರತು ನೈಟ್ರೇಟ್, ಲೋಹಗಳಂಥವು ಹೋಗುವುದಿಲ್ಲ. ಅದಕ್ಕೆ ಪ್ರಯೋಗಾಲಯವೇ ಬೇಕು. ಇನ್ನು ವೈರಸ್? ಕೊರೊನಾ ವೈರಸ್‌ಗಳನ್ನು ಸಾಲಾಗಿ ನಿಲ್ಲಿಸಿದರೆ ಒಂದು ಮಿಲಿಮೀಟರಿನಲ್ಲಿ ಸುಮಾರು 10,000 ನಿಲ್ಲುತ್ತವೆ. ಅಷ್ಟು ಸಣ್ಣದನ್ನು ನೀರಿನಲ್ಲಿ ಹುಡುಕುವುದು ಹೇಗೆ?

ವಿಜ್ಞಾನಿಗಳು ಇದಕ್ಕೆ ಹಿಡಿದ ದಾರಿ ಗಟಾರದ ದಾರಿ. ನೀವು ಮೂಗು ಮುಚ್ಚಿಕೊಂಡು ನಗಬಹುದು. ಆದರೆ ಪೋಲಿಯೊ ಓಡಿಸಿದ ಕಥೆಯಲ್ಲಿ ಗಟಾರಕ್ಕೂ ಒಂದು ಪಾಲಿದೆ. ಪೋಲಿಯೊ ವೈರಸ್ ಹೊಟ್ಟೆ ಸೇರಿದ ಸುಮಾರು 200 ಮಕ್ಕಳಲ್ಲಿ ಒಬ್ಬರಿಗೆ ಮಾತ್ರ ಕೈಕಾಲು ಸೋಲುತ್ತದೆ. ಉಳಿದವರು ಆಡಿಕೊಂಡೇ ಇರುತ್ತಾರೆ, ಆದರೆ ಅವರ ಮಲದಲ್ಲಿ ವೈರಸ್ ಹೊರಗೆ ಬರುತ್ತಿರುತ್ತದೆ. ಆದ್ದರಿಂದ 2001ರಿಂದಲೇ ಮುಂಬೈಯಲ್ಲಿ ಚರಂಡಿ ನೀರು ತೆಗೆದು ಪೋಲಿಯೊ ವೈರಸ್ ಹುಡುಕಲು ಶುರು ಮಾಡಿದರು. ನಮ್ಮ ದೇಶದಲ್ಲಿ ಸಹಜ ಪೋಲಿಯೊದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದಲ್ಲಿ. 2014ರ ಮಾರ್ಚ್ 27ರಂದು ಭಾರತಕ್ಕೆ ಪೋಲಿಯೊಮುಕ್ತ ಪ್ರಮಾಣಪತ್ರ ಸಿಕ್ಕಿತು. ಆಮೇಲೂ ಗಟಾರದ ಕಾವಲು ನಿಂತಿಲ್ಲ. 2022ರಲ್ಲಿ ಲಂಡನ್ನಿನ ಚರಂಡಿ ನೀರಿನಲ್ಲಿ ಪೋಲಿಯೊ ವೈರಸ್ ಸಿಕ್ಕಾಗ ಅಲ್ಲಿಯ 1ರಿಂದ 9 ವರ್ಷದ ಮಕ್ಕಳಿಗೆ ಮತ್ತೊಮ್ಮೆ ಲಸಿಕೆ ಹಾಕಿಸಿದರು.

ಕೊರೊನಾ ಬಂದಾಗ ಇದೇ ಉಪಾಯ ಕೆಲಸಕ್ಕೆ ಬಂತು. 2020ರ ಮೇ 8 ಮತ್ತು 27ರಂದು ಗಾಂಧಿನಗರ ಐಐಟಿಯ ಪರಿಸರ ವಿಜ್ಞಾನಿ ಮನೀಶ್ ಕುಮಾರ್ ಮತ್ತು ಸಂಗಡಿಗರ ತಂಡ ಅಹಮದಾಬಾದಿನ ಪಿರಾಣಾ ಶುದ್ಧೀಕರಣ ಘಟಕಕ್ಕೆ ಬರುವ ಕೊಳಚೆ ನೀರನ್ನು ಪರೀಕ್ಷಿಸಿತು. ಭಾರತದಲ್ಲಿ ಕೊಳಚೆ ನೀರಿನಲ್ಲಿ ಕೊರೊನಾದ ಗುರುತು ಸಿಕ್ಕ ಮೊದಲ ವರದಿ ಅದು. ನಗರದಲ್ಲಿ ರೋಗಿಗಳು ಹೆಚ್ಚಿದಂತೆ ನೀರಿನಲ್ಲಿ ಆ ಗುರುತೂ ಹೆಚ್ಚಿತ್ತು.

ನಮ್ಮ ಬೆಂಗಳೂರಿನಲ್ಲಿ 2021ರ ಆಗಸ್ಟ್‌ನಿಂದ ಟಾಟಾ ಇನ್‌ಸ್ಟಿಟ್ಯೂಟ್ ಫಾರ್ ಜೆನೆಟಿಕ್ಸ್ ಅಂಡ್ ಸೊಸೈಟಿಯ ವಿಜ್ಞಾನಿ ಫರಾ ಇಶ್ತಿಯಾಕ್ ಮತ್ತು ಅವರ ತಂಡ 28 ಶುದ್ಧೀಕರಣ ಘಟಕಗಳ ನೀರನ್ನು ತಿಂಗಳುಗಟ್ಟಲೆ ಪರೀಕ್ಷಿಸಿತು. ಆ ವರ್ಷ ಡಿಸೆಂಬರಿನಲ್ಲಿ ದೇಶದ ಮೊದಲ ಓಮೈಕ್ರಾನ್ ಪ್ರಕರಣಗಳು ವರದಿಯಾದದ್ದೂ ಬೆಂಗಳೂರಿನಿಂದಲೇ.

ಕೆಲಸ ನಡೆಯುವುದು ಹೀಗೆ. ಕೈಗವಸು ಹಾಕಿಕೊಂಡು ಬಾಟಲಿಯಲ್ಲಿ ನೀರು ಹಿಡಿದು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಪ್ರಯೋಗಾಲಯಕ್ಕೆ ತರುತ್ತಾರೆ. ಕಸ ಸೋಸಿ, ವೈರಸ್‌ನ ಆರ್‌ಎನ್‌ಎ ಬೇರ್ಪಡಿಸಿ, ಅದರ ಪ್ರತಿ ಮಾಡುತ್ತಾರೆ. ಪಿಸಿಆರ್ ಯಂತ್ರ ಪ್ರತಿ ಸುತ್ತಿಗೂ ಆ ಪ್ರತಿಯನ್ನು ಎರಡು ಪಟ್ಟು ಮಾಡುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, 10 ಸುತ್ತಿಗೆ 1,024. 20 ಸುತ್ತಿಗೆ 10 ಲಕ್ಷ ದಾಟುತ್ತದೆ. 30 ಸುತ್ತಿಗೆ 107 ಕೋಟಿ! ಬೇಕಿದ್ದರೆ ಅಜ್ಜನನ್ನು ಪಕ್ಕಕ್ಕೆ ಕೂರಿಸಿಕೊಂಡು ಗುಣಿಸಿ ನೋಡಿ. ಸಾಸಿವೆಯಷ್ಟೂ ಇಲ್ಲದ್ದು ಹೀಗೆ ಯಂತ್ರದ ಕಣ್ಣಿಗೆ ಬೀಳುತ್ತದೆ. ಬೇಗ ಕಂಡರೆ ಬಹಳ ಇದೆ, ತಡವಾಗಿ ಕಂಡರೆ ಕಡಿಮೆ ಇದೆ ಎಂದು ಲೆಕ್ಕ.

ಈ ಪರೀಕ್ಷೆಯಲ್ಲಿ ನನಗೆ ಮೆಚ್ಚುಗೆಯಾದದ್ದು ಒಂದು ಮಾತು. ಅದು ಯಾರ ಮೂಗಿಗೂ ಕಡ್ಡಿ ಹಾಕುವುದಿಲ್ಲ, ಯಾರ ಹೆಸರನ್ನೂ ಕೇಳುವುದಿಲ್ಲ. ಬಂಗಲೆಯ ನೀರೂ ಗುಡಿಸಲಿನ ನೀರೂ ಒಂದೇ ಬಾಟಲಿಯಲ್ಲಿ ಇರುತ್ತವೆ. ದವಾಖಾನೆಗೆ ಹೋಗಲು ದುಡ್ಡಿಲ್ಲದವರ ಸುದ್ದಿಯೂ ಅದರಲ್ಲಿ ಸೇರಿರುತ್ತದೆ.

ದೊಡ್ಡ ನಗರಗಳಲ್ಲಿ ಕೊಳವೆಗಳೆಲ್ಲ ಒಂದು ಘಟಕಕ್ಕೆ ಬಂದು ಕೂಡುತ್ತವೆ. ಗಟಾರ ತೆರೆದಿರುವ ಸಣ್ಣ ಊರುಗಳಲ್ಲಿ, ಹಲವು ಓಣಿಗಳ ನೀರು ಕೂಡುವ ನಾಲಾದಿಂದಲೂ ಮಾದರಿ ತೆಗೆಯಬಹುದು. ಕಷ್ಟದ ಕೆಲಸ ಬೇರೆಯೇ ಇದೆ. ನೀರು ಹೇಳಿದ ಸುದ್ದಿ ಕೇಳಿ ಯಾರಾದರೂ ಎದ್ದು ಏನಾದರೂ ಮಾಡಬೇಕು. ಯಂತ್ರ ಕೋಟಿ ರೂಪಾಯಿಯದಾಗಿರಲಿ, ಬಾಟಲಿ ಕೆಲವೇ ರೂಪಾಯಿಯದಾಗಿರಲಿ, ಹಿತ್ತಲಿನ ಮೂಲೆ ಬಿಟ್ಟುಕೊಡುವ ಆಯಿ ಒಬ್ಬಳು ಇರದಿದ್ದರೆ ಮುಂದಿನ ಮಳೆಗಾಲದಲ್ಲೂ ಮಕ್ಕಳು ಮಲಗುತ್ತಾರೆ.

ಹಾಗಾಗಿ ಈ ರಜೆಯಲ್ಲಿ ನಿಮಗೊಂದು ಕೆಲಸ. ನಿಮ್ಮ ಓಣಿಯ ನಕ್ಷೆ ಬರೆಯಿರಿ. ಬಾವಿ, ಬೋರ್‌ವೆಲ್, ನಳ, ಪಾಯಖಾನೆ ಗುಂಡಿ, ಗಟಾರ ಎಲ್ಲವನ್ನೂ ಗುರುತಿಸಿ, ನೆಲ ಯಾವ ಕಡೆಗೆ ಇಳಿಜಾರು ಎಂದು ಬಾಣ ಹಾಕಿ. ಮುಚ್ಚಿಹೋದ ಹಳೆಯ ಬಾವಿ ಎಲ್ಲಿತ್ತು ಎಂಬುದು ಮನೆಯ ಹಿರಿಯರಿಗೆ ಗೊತ್ತಿರುತ್ತದೆ, ಕೇಳಿ ಬರೆಯಿರಿ. ಗುಂಡಿಯಿಂದ ಬಾವಿಗೆ ಕನಿಷ್ಠ 15 ಮೀಟರ್ ದೂರ ಇರಬೇಕು, ನಮ್ಮ ತೂತುಗಲ್ಲಿನ ನೆಲದಲ್ಲಿ ಇನ್ನೂ ದೂರ ಇದ್ದಷ್ಟು ಒಳ್ಳೆಯದು. ಹೆಜ್ಜೆ ಹಾಕಿ ಅಳೆಯಿರಿ. ಜಲಜೀವನ್ ಮಿಷನ್ ಅಡಿ ಹಳ್ಳಿಗಳಲ್ಲಿ ನೀರು ಪರೀಕ್ಷೆಯ ಕಿಟ್ ಕೊಟ್ಟು ಮಹಿಳೆಯರಿಗೆ ತರಬೇತಿ ಕೊಡುತ್ತಾರೆ. ನಿಮ್ಮ ಪಂಚಾಯಿತಿಯಲ್ಲಿ ಆ ಕಿಟ್ ಯಾರ ಹತ್ತಿರ ಇದೆ ಎಂದು ವಿಚಾರಿಸಿ. ಅಜ್ಜ-ಅಜ್ಜಿಯರೇ, ಮಕ್ಕಳ ಜೊತೆ ನೀವೂ ಹೋಗಿ. ನೀವು ಪಕ್ಕದಲ್ಲಿ ನಿಂತರೆ ಪಂಚಾಯಿತಿಯವರು ಕುರ್ಚಿ ಹಾಕಿ ಕೂರಿಸಿ ಮಾತು ಕೇಳುತ್ತಾರೆ.