ಮುಧೋಳದ ದಾರಿ

ಪ್ರವಾಸ ಹೊರಡುವವರು ಸಾಮಾನ್ಯವಾಗಿ ಏನನ್ನಾದರೂ ನೋಡಿಬರಲು ಹೊರಡುತ್ತಾರೆ. ನಾವು ಕಳೆದ ಕಾರ್ತಿಕ ಮಾಸದಲ್ಲಿ ಧಾರವಾಡದಿಂದ ಮುಧೋಳಕ್ಕೆ ಹೊರಟದ್ದು ನೋಡಿಬರುವುದಕ್ಕಲ್ಲ, ಬಿಟ್ಟುಬರುವುದಕ್ಕೆ. ಬಿಟ್ಟುಬರಬೇಕಾಗಿದ್ದ ಪ್ರಾಣಿಯು ಬಾಡಿಗೆಯ ಮೋಟಾರಿನ ಹಿಂದಿನ ಆಸನದಲ್ಲಿ, ನಮ್ಮ ತೊಡೆಯ ಮೇಲೆ ತನ್ನ ಉದ್ದನೆಯ ಮೋರೆಯನ್ನಿಟ್ಟು, ನಿಶ್ಚಿಂತೆಯಿಂದ ಮಲಗಿದ್ದಿತು. ಅದರ ಹೆಸರು ಮಾರುತ. ಜಾತಿಯಿಂದ ಮುಧೋಳದ ಬೇಟೆನಾಯಿ. ವಯಸ್ಸು ಮೂರು ವರ್ಷ.

ಮಾರುತನು ನಮ್ಮ ಪಾಲಿಗೆ ಬಂದದ್ದು ನಮ್ಮ ಇಚ್ಛೆಯಿಂದಲ್ಲ. ನಮ್ಮ ಚಿರಂಜೀವಿಯು ಮುಧೋಳದ ಸಮೀಪದ ಒಂದು ಹಳ್ಳಿಯಿಂದ ಎರಡು ತಿಂಗಳ ಮರಿಯನ್ನು ತಂದು ಸಾಕಿದನು. ವರ್ಷ ತುಂಬುವಷ್ಟರಲ್ಲಿ ಅವನಿಗೆ ಪುಣೆಗೆ ವರ್ಗವಾಯಿತು. ಅಲ್ಲಿಯ ಮೂರನೆಯ ಅಂತಸ್ತಿನ ಮನೆಯಲ್ಲಿ ಇಂಥ ಓಟದ ಪ್ರಾಣಿಗೆ ಎಡೆಯಿಲ್ಲವೆಂದು ಅದು ನಮ್ಮಲ್ಲಿಯೇ ಉಳಿಯಿತು. ಮನುಷ್ಯರ ವಿಷಯದಲ್ಲಿ ಅದು ಪರಮ ಸಾಧು. ಹಾಲಿನವಳು ಬಂದರೆ ಬಾಲವಾಡಿಸುವುದು. ಅಂಚೆಯವನು ಬಂದರೆ ಕೈ ಮೂಸುವುದು. ಆದರೆ ಐದು ತಿಂಗಳ ಮರಿಯಾಗಿದ್ದಾಗ ಮೂರು ಬೀದಿನಾಯಿಗಳು ಅದನ್ನು ಓಣಿಯ ಮೂಲೆಯಲ್ಲಿ ಮುತ್ತಿ ಕಚ್ಚಿದ್ದವು. ಅಂದಿನಿಂದ ಸ್ವಜಾತಿಯ ಯಾವ ಪ್ರಾಣಿಯನ್ನು ಕಂಡರೂ ಅದರ ಕಣ್ಣು ಬೇರೆಯಾಗುತ್ತಿದ್ದಿತು. ಒಂದೇ ವೃತ್ತಿಯ ಇಬ್ಬರು ಎದುರಾದರೆ ಗುರುಗುಟ್ಟುವರೆಂದು ಹಾಸ್ಯ ಮಾಡುವ ಸುಭಾಷಿತಕಾರರು ನಾಯಿಯನ್ನೇ ಉಪಮಾನವಾಗಿ ತರುತ್ತಾರೆ. ಮೂವತ್ತೆರಡು ವರ್ಷ ಸಂಸ್ಕೃತ ಕಲಿಸಿದ ನಾವು ಅದನ್ನು ಹೇಳಿ ಎಷ್ಟೋ ತರಗತಿಗಳನ್ನು ನಗಿಸಿದ್ದೆವು. ಉಪಮಾನವೇ ಮನೆಗೆ ಬಂದು ಕುಳಿತ ಮೇಲೆ ನಮಗೆ ನಗೆ ಬರಲಿಲ್ಲ.

ಆಶ್ವಯುಜದ ಒಂದು ಸಾಯಂಕಾಲ, ಮಾರುತನನ್ನು ತಿರುಗಾಡಿಸಿ ಮನೆಗೆ ಮರಳುತ್ತಿದ್ದೆವು. ನೆರೆಮನೆಯ ಹತ್ತು ವರ್ಷದ ಹುಡುಗನು ತನ್ನ ಗುಂಡ್ಯಾ ಎಂಬ ಚಿಕ್ಕ ನಾಯಿಯೊಡನೆ ಕಟ್ಟೆಯ ಮೇಲೆ ಕುಳಿತಿದ್ದನು. ಮಾರುತನು ಒಮ್ಮೆ ಹಿಂದಕ್ಕೆ ಜಗ್ಗಿದನು. ಕೊರಳಪಟ್ಟಿಯು ತಲೆಯ ಮೇಲಿಂದ ಕಳಚಿ ನಮ್ಮ ಕೈಯಲ್ಲಿ ಉಳಿಯಿತು. ಮುಂದಿನದೆಲ್ಲ ಕಣ್ಣೆವೆ ಇಕ್ಕುವಷ್ಟರಲ್ಲಿ ನಡೆದುಹೋಯಿತು. ನಾವು ಅವಿವೇಕದಿಂದ ಎರಡರ ನಡುವೆ ಕೈ ಹಾಕಿ ಮುಂಗೈಗೆ ಹಲ್ಲು ನಾಟಿಸಿಕೊಂಡೆವು. ಹುಡುಗನ ತಾಯಿಯು ಒಂದು ಕೊಡ ನೀರನ್ನು ಎರಡರ ಮೇಲೂ ಸುರಿದುದರಿಂದ ಅವು ಬೇರೆಯಾದವು. ಗುಂಡ್ಯಾನ ಕಿವಿ ಸೀಳಿ, ಹೆಗಲಿಗೆ ಏಳು ಹೊಲಿಗೆ ಬಿದ್ದವು. ಜೀವ ಉಳಿದದ್ದು ದೈವಕೃಪೆ. ನಾವು ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದು, ಆಸ್ಪತ್ರೆಗೆ ಹೋಗಿ ಹುಚ್ಚುನಾಯಿ ರೋಗದ ಪ್ರತಿಬಂಧಕ ಲಸಿಕೆಯನ್ನು ಕ್ರಮವಾಗಿ ಹಾಕಿಸಿಕೊಂಡೆವು. ಮಾರುತನಿಗೆ ವರ್ಷವರ್ಷವೂ ಲಸಿಕೆಯಾಗಿದ್ದರೂ ಈ ವಿಷಯದಲ್ಲಿ ಉಪೇಕ್ಷೆ ಸಲ್ಲದು.

ಮರುದಿನ ಆ ಹುಡುಗನು ನಮ್ಮ ಬಾಗಿಲಿಗೆ ಬಂದು ನಿಂತು ಒಂದೇ ಮಾತು ಕೇಳಿದನು: “ಅಜ್ಜಾರ, ನಮ್ಮ ಗುಂಡ್ಯಾ ಏನ ಮಾಡಿತ್ರೀ?” ನಾವು “ಪಟ್ಟಿ ಜಾರಿತಪ್ಪಾ” ಎಂದೆವು. ಹುಡುಗನು ಸುಮ್ಮನೆ ಹೊರಟುಹೋದನು. ಅವನು ಕೇಳಿದ್ದು ಪಟ್ಟಿಯ ವಿಷಯವಲ್ಲವೆಂಬುದು ನಮಗೂ ಗೊತ್ತಿದ್ದಿತು. ಆ ವಾರವೇ, ನಾಯಿಯನ್ನು ಅದರ ಹುಟ್ಟಿದ ಊರಿಗೆ, ಅದನ್ನು ಕೊಟ್ಟ ಯಜಮಾನನಿಗೆ ಒಪ್ಪಿಸಿಬಿಡುವುದೆಂದು ನಿಶ್ಚಯಿಸಿದೆವು.

ಧಾರವಾಡವನ್ನು ಬಿಟ್ಟು ಸವದತ್ತಿಯ ಕಡೆಗೆ ಸಾಗಿದಂತೆ ಮಲೆನಾಡಿನ ಸೆರಗು ಕಳೆದು ಎರೆಯ ನೆಲ ಹಾಸುತ್ತದೆ. ಹಿಂಗಾರಿಯ ಜೋಳ ಮೊಳಕಾಲೆತ್ತರ ಬಂದಿದ್ದಿತು. ಹತ್ತಿಯು ಅಲ್ಲಲ್ಲಿ ಬಿರಿದಿದ್ದಿತು. ಸವದತ್ತಿಯಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಜನರ ಗುಂಪು. ಅದರ ಸಮೀಪದಲ್ಲಿಯೇ ನವಿಲುತೀರ್ಥದಲ್ಲಿ ಮಲಪ್ರಭೆಯನ್ನು ತಡೆದು ಕಟ್ಟಿದ ಅಣೆಕಟ್ಟು ಇರುವುದು. ಬೇರೆ ದಿನವಾಗಿದ್ದರೆ ಇಳಿದು ನೋಡುತ್ತಿದ್ದೆವು. ಅಂದು ಮನಸ್ಸಿಗೆ ಉಲ್ಲಾಸವಿರಲಿಲ್ಲ. ಮಹಾಪ್ರಸ್ಥಾನದಲ್ಲಿ ಧರ್ಮರಾಜನು ತನ್ನ ಬೆನ್ನು ಹತ್ತಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆನೆಂದು ಇಂದ್ರನೊಡನೆ ವಾದಿಸುವ ಪ್ರಸಂಗವನ್ನು ನಾವು ಎಷ್ಟು ಸಲ ಕಲಿಸಿಲ್ಲ! ಕಲಿಸುವಾಗ ಗಂಟಲು ಬಿಗಿದುಬಂದುದೂ ಉಂಟು. ಈಗ ಸ್ವರ್ಗವಲ್ಲ, ನೆರೆಹೊರೆಯವರ ಎದುರಿನಲ್ಲಿ ತಲೆಯೆತ್ತಿ ನಡೆಯುವಷ್ಟು ಸುಖಕ್ಕಾಗಿಯೇ ನಾಯಿಯನ್ನು ಬಿಡಲು ಹೊರಟಿದ್ದೆವು.

ಯರಗಟ್ಟಿಯಲ್ಲಿ ಚಹಕ್ಕಾಗಿ ನಿಂತೆವು. ಮಾರುತನಿಗೆ ನೀರು ಕುಡಿಸಲು ಅಂಗಡಿಯ ಹಿಂದೆ ಕರೆದೊಯ್ದಾಗ ಮೂವತ್ತು ಹೆಜ್ಜೆಯಾಚೆ ಒಂದು ಬೀದಿನಾಯಿ ಎದ್ದು ನಿಂತಿತು. ಒಡನೆಯೇ ಮಾರುತನ ಮೈ ಬಿಗಿಯಿತು, ತೆರೆದಿದ್ದ ಬಾಯಿ ಮುಚ್ಚಿತು, ಬಾಲ ನೆಟ್ಟಗಾಯಿತು, ಕಣ್ಣು ಅಲ್ಲಿಯೇ ನಟ್ಟಿತು. ಹೆಸರು ಹಿಡಿದು ಕರೆದರೆ ಕೇಳಿಸದು. ಬೈದೆವು, ಜಗ್ಗಿದೆವು, ಗುರುಗುಟ್ಟುವಿಕೆ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಮೋಟಾರಿನವನು ಕನಿಕರಪಟ್ಟು, “ಇತ್ತ ಬರ್ರಿ, ಆ ಬೇವಿನ ಗಿಡದ ಕಡೆ” ಎಂದು ಇನ್ನಷ್ಟು ದೂರ ಕರೆದನು. ಅಲ್ಲಿಗೆ ಹೋದೊಡನೆ ಮಾರುತನು ನಿಟ್ಟುಸಿರು ಬಿಟ್ಟು ನಮ್ಮ ಮುಖ ನೋಡಿದನು, ನೀರು ಕುಡಿದನು. ಇದರ ಸಿಟ್ಟಿಗೂ ಒಂದು ಅಳತೆಯ ದೂರವುಂಟೆಂಬುದು ಎರಡು ವರ್ಷ ಜೊತೆಯಲ್ಲಿದ್ದರೂ ನಮಗೆ ಹೊಳೆದದ್ದು ಅಂದೇ.

ಲೋಕಾಪುರ ದಾಟಿದ ಮೇಲೆ ನೋಟ ಬದಲಾಯಿತು. ಇಕ್ಕೆಲದಲ್ಲಿಯೂ ಕಬ್ಬು, ದಾರಿಯುದ್ದಕ್ಕೂ ಸಕ್ಕರೆ ಕಾರಖಾನೆಗಳಿಗೆ ಕಬ್ಬು ಹೊತ್ತು ತೇಲಾಡುತ್ತ ನಡೆದ ಟ್ರ್ಯಾಕ್ಟರುಗಳು. ಘಟಪ್ರಭೆಯ ದಡದ ಈ ಮುಧೋಳವು ಹತ್ತನೆಯ ಶತಮಾನದ ಕವಿ ರನ್ನನ ಜನ್ಮಭೂಮಿ. ಬಳೆಗಾರರ ಕುಲದಲ್ಲಿ ಹುಟ್ಟಿ ‘ಗದಾಯುದ್ಧ’ವನ್ನು ಬರೆದ ಮಹನೀಯನ ಊರೆಂದು ನಾವು ಮನಸ್ಸಿನಲ್ಲಿಯೇ ಕೈಮುಗಿದೆವು. ಮುಂದೆ ಇದು ಘೋರ್ಪಡೆ ಮನೆತನದ ಸಂಸ್ಥಾನವಾಗಿ, 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ಲೀನವಾಯಿತು. 1956ರಲ್ಲಿ ಕನ್ನಡನಾಡನ್ನು ಕೂಡಿತು. 1997ರಿಂದ ಬಾಗಲಕೋಟೆ ಜಿಲ್ಲೆಗೆ ಸೇರಿದೆ. ಆ ಮನೆತನದ ಮಾಲೋಜಿರಾವ ಘೋರ್ಪಡೆಯವರು ಈ ಬೇಟೆನಾಯಿಗಳ ತಳಿಯನ್ನು ಪೋಷಿಸಿ, ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟುದರಿಂದ ಊರಿನ ಹೆಸರೇ ನಾಯಿಯ ಹೆಸರಾಯಿತು. 2005ರಲ್ಲಿ ಅಂಚೆ ಇಲಾಖೆಯು ಈ ನಾಯಿಯ ಚಿತ್ರದ ಚೀಟಿಯನ್ನು ಹೊರಡಿಸಿತು. 2016ರಲ್ಲಿ ಸೇನೆಯವರು ಮೀರತ್ತಿನ ತಮ್ಮ ಕೇಂದ್ರಕ್ಕೆ ಇವನ್ನು ಒಯ್ದು ತರಬೇತಿ ಕೊಟ್ಟರು. ಸಮೀಪದ ತಿಮ್ಮಾಪುರದಲ್ಲಿ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನ ಕೇಂದ್ರವು ತಳಿಯ ರಕ್ಷಣೆಯನ್ನು ನಡೆಯಿಸುತ್ತಿದೆ. ತೆಳುವಾದ ನಡು, ಆಳವಾದ ಎದೆ, ನೀಳವಾದ ತಲೆ, ಬಿಲ್ಲಿನಂತೆ ಬಾಗಿದ ಬೆನ್ನು! ಮೂಗಿಗಿಂತ ಕಣ್ಣಿನಿಂದಲೇ ಬೇಟೆಯಾಡುವ ಜಾತಿಯಿದು. ದೂರದ ಅಲುಗಾಟವನ್ನು ನಮಗಿಂತ ಮೊದಲು ಕಂಡು, ನಾವು ಕಾಣುವಷ್ಟರಲ್ಲಿ ಓಡಿರುತ್ತದೆ.

ನಾವು ಹುಡುಕಿಕೊಂಡು ಹೋದ ಯಜಮಾನನು ಎಪ್ಪತ್ತು ದಾಟಿದ ರೈತ. ಕಬ್ಬಿನ ಹೊಲದ ಬದಿಯ ಮನೆ. ಅಂಗಳದಲ್ಲಿ ಐದು ನಾಯಿಗಳು. ಅವನು ಮಾರುತನನ್ನು ದೂರದಲ್ಲಿಯೇ ನಿಲ್ಲಿಸಲು ಹೇಳಿ, ತಾನೇ ಬಂದು, ಬೆನ್ನು ಸವರಿ, ಹಲ್ಲು ನೋಡಿ, ನಮ್ಮ ಕಥೆಯನ್ನೆಲ್ಲ ಕೇಳಿದನು. ಆಮೇಲೆ ನಿಧಾನವಾಗಿ ಹೇಳಿದನು:

“ಕಚ್ಚಿದ್ದು ನಾಯಿ, ಖರೆರೀ ಮಾಸ್ತರ. ಹಗ್ಗ ಯಾರ ಕೈಯಾಗಿತ್ತು?”

“ನಮ್ಮ ಕೈಯಲ್ಲಿಯೇ ಇತ್ತು. ಪಟ್ಟಿ ಕಳಚಿತು.”

“ಈ ಜಾತಿ ನಾಯೀದು ತಲಿ ಸಣ್ಣದು, ಕೊಳ್ಳು ದಪ್ಪ. ಸಾದಾ ಪಟ್ಟಿ ನಿಲ್ಲೂದಿಲ್ಲ. ಇಷ್ಟ ನಿಮಗ ಗೊತ್ತಿರಲಿಲ್ಲೇನ್ರೀ?”

ಗೊತ್ತಿರಲಿಲ್ಲ. ಪರೀಕ್ಷೆಯಲ್ಲಿ ತಪ್ಪಿದ ಹುಡುಗನಂತೆ ನಾವು ನೆಲ ನೋಡಿದೆವು. ಬಿಟ್ಟುಹೋಗುವ ಮಾತನ್ನು ಎತ್ತಿದಾಗ ಮುದುಕನು ತಲೆಯಲ್ಲಾಡಿಸಿದನು.

“ಇಲ್ಲಿ ಬಿಟ್ರ ನಾ ಏನ ಮಾಡ್ಲಿ? ನನ್ನವು ಐದ ಅದಾವ. ಇದನ್ನ ಸಾಯೂತನಾ ಸರಪಳ್ಯಾಗ ಕಟ್ಟಬೇಕು, ಇಲ್ಲಾ ದಿನಾ ರಕ್ತಾ ನೋಡಬೇಕು. ಬ್ಯಾನಿ ನಿಮ್ಮ ಮನಿ ಬಿಟ್ಟು ನನ್ನ ಮನಿಗೆ ಬಂತು. ಹೋತು ಅನ್ನಾಕ ಬರ್ತೈತೇನು?”

ಬಳಿಕ ಅವನು ತನ್ನ ಹಿತ್ತಲನ್ನು ತೋರಿಸಿದನು. ಅವನಲ್ಲಿಯೂ ಪರಸ್ಪರ ಆಗದ ಎರಡು ಹೆಣ್ಣುನಾಯಿಗಳಿದ್ದವು. ಅವುಗಳ ನಡುವೆ ಒಂದಲ್ಲ, ಎರಡು ಕದ. ಒಂದು ಮುಚ್ಚಿದ ಹೊರತು ಇನ್ನೊಂದು ತೆರೆಯಬಾರದೆಂದು ಮನೆಯ ಮಕ್ಕಳಿಗೆಲ್ಲ ಕಟ್ಟಪ್ಪಣೆ. ಬೆಳಗಿನಲ್ಲಿ ಒಂದು ಹೊರಗೆ ಬಂದರೆ ಮತ್ತೊಂದು ಒಳಗೆ, ಸಂಜೆಗೆ ಅದಲುಬದಲು. ಅನ್ನದ ತಟ್ಟೆ ಬೇರೆ, ಮಲಗುವ ಜಾಗ ಬೇರೆ. “ಕಾಲುವಿ ನೀರಿಗೆ ಪಾಳಿ ಇರೂದಿಲ್ಲೇನ್ರೀ? ಇವಕ್ಕೂ ಹಂಗ. ಆರ ವರ್ಷಾತು, ಒಂದ ಹನಿ ರಕ್ತಾ ಬಿದ್ದಿಲ್ಲ. ಅವು ಗೆಳತ್ಯಾರು ಆಗ್ಯಾವ ಅಂತ ನಾ ಹೇಳೂದಿಲ್ಲ” ಎಂದನು. ಹೊರಡುವಾಗ ತನ್ನಲ್ಲಿದ್ದ ಅಗಲವಾದ ಚರ್ಮದ ಪಟ್ಟಿಯೊಂದನ್ನು ಮಾರುತನ ಕೊರಳಿಗೆ ಕಟ್ಟಿ, ಹಿಂದಕ್ಕೆ ಜಗ್ಗಿ ನೋಡಿ, ಕಳಚದೆಂದು ಖಾತ್ರಿ ಮಾಡಿಕೊಂಡು ಕಳಿಸಿದನು.

ಮರಳುವ ದಾರಿಯಲ್ಲಿ ಮತ್ತೊಂದು ನಾಯಿಯ ಕಥೆ ನೆನಪಾಯಿತು. ಮಹಾಭಾರತದ ಕೊನೆಯಲ್ಲಿ ಮಾತ್ರವಲ್ಲ, ಆದಿಯಲ್ಲಿಯೂ ಒಂದು ನಾಯಿಯುಂಟು. ಜನಮೇಜಯನ ಯಾಗಶಾಲೆಗೆ ಬಂದ ಸರಮೆಯ ಮರಿಯನ್ನು ಅವನ ತಮ್ಮಂದಿರು ಹೊಡೆದರು. ಸರಮೆಯು ಬಂದು, ಹವಿಸ್ಸನ್ನು ಮುಟ್ಟದ, ಕಣ್ಣೆತ್ತಿಯೂ ನೋಡದ ತನ್ನ ಮರಿಯನ್ನು ಏಕೆ ಹೊಡೆದಿರೆಂದು ಕೇಳಿದಳು. ಅವರು ಉತ್ತರ ಕೊಡಲಿಲ್ಲ. ಆಗ ಅವಳು, ಕಾಣದೆಡೆಯಿಂದ ನಿಮಗೆ ಭಯವು ಬರಲೆಂದು ಶಪಿಸಿದಳು. ನೆರೆಮನೆಯ ಹುಡುಗನು ನಮ್ಮ ಬಾಗಿಲಲ್ಲಿ ನಿಂತು ಕೇಳಿದ್ದು ಸರಮೆಯ ಪ್ರಶ್ನೆಯನ್ನೇ. ನಾವು ಪಟ್ಟಿಯ ನೆವ ಹೇಳಿ ಉತ್ತರ ತಪ್ಪಿಸಿದ್ದೆವು. ಧರ್ಮರಾಜನ ನಾಯಿಯಿಂದ ಆಶ್ರಿತನನ್ನು ಬಿಡಬಾರದೆಂದು ಕಲಿಯುವುದು ಸುಲಭ. ಆದರೆ ಬಿಡದೆ ಇಟ್ಟುಕೊಂಡವನು ಸರಮೆಗೂ ಉತ್ತರ ಕೊಡಬೇಕು. ಎರಡನ್ನೂ ಸೇರಿಸಿ ಓದದವನು ಅರ್ಧ ಭಾರತವನ್ನು ಮಾತ್ರ ಓದಿದಂತೆ.

ಊರಿಗೆ ಬಂದ ದಿನವೇ ನೆರೆಮನೆಗೆ ಹೋಗಿ ಹುಡುಗನನ್ನು ಕರೆದು, “ನಿನ್ನ ಗುಂಡ್ಯಾ ಏನೂ ಮಾಡಿರಲಿಲ್ಲ. ತಪ್ಪು ನಮ್ಮದು. ಇನ್ನು ಮೇಲೆ ಹೀಗಾಗದಂತೆ ನಾವು ನೋಡಿಕೊಳ್ಳಬೇಕು” ಎಂದೆವು. ಔಷಧದ ವೆಚ್ಚವನ್ನು ಅವನ ತಂದೆಗೆ ಕೊಟ್ಟೆವು. ಹುಡುಗನು ಸ್ವಲ್ಪ ಹೊತ್ತು ಯೋಚಿಸಿ, “ಹೆಂಗ ನೋಡ್ಕೋತೀರಿ?” ಎಂದನು. ಯೋಗ್ಯವಾದ ಪ್ರಶ್ನೆ. ಉತ್ತರಕ್ಕಾಗಿ ನಾವು ಪಶುವೈದ್ಯರಲ್ಲಿಗೆ ಹೋದೆವು.

ಅವರು ಮೊದಲು ಮಾರುತನ ಕಿವಿ, ಹಲ್ಲು, ಕೀಲುಗಳನ್ನು ಪರೀಕ್ಷಿಸಿದರು. ಒಳಗಿನ ನೋವೂ ಸಿಟ್ಟಾಗಿ ಹೊರಬೀಳುವುದುಂಟಂತೆ. ನೋವೇನೂ ಇರಲಿಲ್ಲ. ಸಂತಾನಹರಣದ ಶಸ್ತ್ರಕ್ರಿಯೆಯಿಂದ ಕೆಲವು ನಾಯಿಗಳು ಶಾಂತವಾದರೂ ಅಂಜಿಕೆಯಿಂದ ಹುಟ್ಟಿದ ಸಿಟ್ಟಿಗೆ ಅದನ್ನೇ ನಂಬಬಾರದೆಂದರು. ಗುರುಗುಟ್ಟಿದ್ದಕ್ಕಾಗಿ ಹೊಡೆಯಲೇಬಾರದು, ಗುರುಗುಟ್ಟುವುದು ನಾಯಿಯು ಕೊಡುವ ಎಚ್ಚರಿಕೆ. ಅದನ್ನು ಹೊಡೆದು ಅಡಗಿಸಿದರೆ ಸಿಟ್ಟು ಹೋಗದು, ಎಚ್ಚರಿಕೆ ಮಾತ್ರ ಹೋಗುವುದು. ಮುಂದೆ ಸುಳಿವು ಕೊಡದೆ ಕಚ್ಚುವುದು. ನಾವು ಯರಗಟ್ಟಿಯಲ್ಲಿ ಕಂಡ ದೂರವೇ ಚಿಕಿತ್ಸೆಯ ಮೂಲವೆಂದು ಅವರಿಂದ ತಿಳಿಯಿತು. ಬೇರೆ ನಾಯಿಯು ಕಂಡರೂ ಮಾರುತನು ನಮ್ಮ ಮಾತು ಕೇಳುವಷ್ಟು ದೂರದಲ್ಲಿ ನಿಲ್ಲುವುದು, ಅದು ಕಣ್ಣಿಗೆ ಬಿದ್ದೊಡನೆ ಬೇಯಿಸಿದ ಕೋಳಿಯ ಒಂದು ಚೂರನ್ನು ಬಾಯಿಗಿಡುವುದು, ಮರೆಯಾದೊಡನೆ ನಿಲ್ಲಿಸುವುದು. ದಿನ ಕಳೆದಂತೆ ವೈರಿಯ ದರ್ಶನವೇ ಔತಣದ ಕರೆಯಾಗುವುದು. ಬಲಾತ್ಕಾರದಿಂದ ಹತ್ತಿರ ಒಯ್ದು ‘ಪರಿಚಯ’ ಮಾಡಿಸಹೋದರೆ ತಿಂಗಳ ಶ್ರಮವೆಲ್ಲ ಒಂದು ಗಳಿಗೆಯಲ್ಲಿ ನೀರುಪಾಲು. ನಮ್ಮದು ಸಾತ್ವಿಕ ಆಹಾರದ ಮನೆಯಾದುದರಿಂದ ಕೋಳಿಯ ಸ್ಥಾನದಲ್ಲಿ ಪನೀರಿನ ಚೂರು ಬಂದಿತು; ಮಾರುತನು ಆಕ್ಷೇಪಿಸಲಿಲ್ಲ.

ಎತ್ತುಗಳ ಬಾಯಿಗೆ ಕಟ್ಟುವ ಕುಕ್ಕೆಯಂಥ ಬಾಯಿಬುಟ್ಟಿಯನ್ನೂ ತಂದೆವು. ನಾಯಿಯು ಬಾಯಿ ತೆರೆದು ತೇಕುವಷ್ಟು, ನೀರು ಕುಡಿಯುವಷ್ಟು ಅದು ವಿಶಾಲವಾಗಿರಬೇಕು. ಬಾಯಿ ಬಿಗಿಯುವ ಬಟ್ಟೆಯ ಪಟ್ಟಿಯು ಕೂಡದು. ಮೊದಲು ಬುಟ್ಟಿಯೊಳಗೆ ತಿಂಡಿಯಿಟ್ಟು ತಾನಾಗಿ ಮೋರೆ ಹಾಕುವಂತೆ ಮಾಡಿ, ಎರಡು ವಾರಗಳಲ್ಲಿ ರೂಢಿಸಿದೆವು. ಕಂಡವರು “ಪಾಪ!” ಎನ್ನುತ್ತಾರೆ, ಅನ್ನಲಿ. ಅದನ್ನು ಕಂಡು ಅವರು ತಮ್ಮ ನಾಯಿಗಳನ್ನು ದೂರ ಒಯ್ಯುತ್ತಾರೆ. ನಮಗೆ ಬೇಕಾದದ್ದೂ ಅದೇ. ಕೊರಳಪಟ್ಟಿಯ ಜೊತೆಗೆ ಎದೆಪಟ್ಟಿ. ಎರಡಕ್ಕೂ ಸೇರಿದ, ಒಂದು ಮಾರು ಉದ್ದದ ಗಟ್ಟಿ ಹಗ್ಗ. ತಿರುಗಾಟದ ಹೊತ್ತನ್ನೂ ಬದಲಿಸಿದೆವು: ಬೀದಿನಾಯಿಗಳು ನೆರಳು ಸೇರಿದ ಮೇಲೆ, ನೆಲ ಕಾಯುವ ಮೊದಲು. ತಿರುವುಗಳಲ್ಲಿ ನಾವು ಮುಂದೆ ಇಣುಕಿ ನೋಡಿ ಹೆಜ್ಜೆಯಿಡುತ್ತೇವೆ. ಎದುರಿಗೆ ನಾಯಿ ಬಂದರೆ ಮಾನಾಪಮಾನವೆಣಿಸದೆ ಬೆನ್ನು ತಿರುಗಿಸಿ ಬಂದ ದಾರಿಯನ್ನೇ ಹಿಡಿಯುತ್ತೇವೆ. ಬಾಗಿಲಿನೊಳಗೆ ಇನ್ನೊಂದು ಕದವನ್ನು ಮಾಡಿಸಿದ್ದಾಯಿತು.

ಈಗ ಚೈತ್ರ ಬಂದಿದೆ. ಯರಗಟ್ಟಿಯಲ್ಲಿ ಮೂವತ್ತು ಹೆಜ್ಜೆಗೇ ಮೈಮರೆತ ಮಾರುತನು ಈಗ ಹದಿನೈದು ಹೆಜ್ಜೆಯಲ್ಲಿ ಬೇರೊಂದು ನಾಯಿಯನ್ನು ನೋಡಿ, ಒಡನೆ ನಮ್ಮ ಕಿಸೆಯನ್ನು ನೋಡುತ್ತಾನೆ. ಹತ್ತು ಹೆಜ್ಜೆಗೆ ಇನ್ನೂ ಬೇರೆಯೇ. ಗುಂಡ್ಯಾನೊಡನೆ ಅವನು ಎಂದಾದರೂ ಆಡಿಯಾನೆಂಬ ಆಸೆ ನಮಗಿಲ್ಲ. ಅಂಥ ಆಸೆಯಿಂದ ಹಗ್ಗವನ್ನು ಸಡಿಲಿಸುವ ದಿನವೇ ಅಪಾಯದ ದಿನ. ಮುಧೋಳದ ಮುದುಕನ ಹಿತ್ತಲಿನಂತೆ, ಎರಡು ಮನೆಗಳೂ ಕೂಡಿ ಓಣಿಯನ್ನು ಪಾಳಿಗೆ ಹಂಚಿಕೊಂಡಿದ್ದೇವೆ: ಸಂಜೆ ಐದರಿಂದ ಆರರವರೆಗೆ ಗುಂಡ್ಯಾನದು, ಅನಂತರ ಮಾರುತನದು. ಆರು ಹೊಡೆದೊಡನೆ ಗೋಡೆಯಾಚೆಯಿಂದ ಹುಡುಗನ ಧ್ವನಿ ಕೇಳುತ್ತದೆ:

“ಅಜ್ಜಾರ, ನಮ್ಮ ಪಾಳಿ ಮುಗೀತ್ರೀ!”

ಅವನ ಮನೆಯ ಕದ ಮುಚ್ಚಿದ ಸಪ್ಪಳವಾದ ಮೇಲೆ ನಾವು ಪಟ್ಟಿಯನ್ನು ಒಮ್ಮೆ ಜಗ್ಗಿ ನೋಡಿ, ಹಗ್ಗವನ್ನು ಕೈಗೆ ಸುತ್ತಿಕೊಂಡು ಹೊರಡುತ್ತೇವೆ.