ಬದುಕಿದ್ದೇನೆಂಬ ಸಾಕ್ಷ್ಯ

ನವೆಂಬರ್ ತಿಂಗಳು ಬಂತೆಂದರೆ ನಾವು ಅಗಲಿದವರಿಗಾಗಿ ಪ್ರಾರ್ಥಿಸುತ್ತೇವೆ. 2ನೆಯ ತಾರೀಖಿನಂದು ಸಮಾಧಿಗಳನ್ನು ತೊಳೆದು, ಸೇವಂತಿಗೆ ಹೂವಿರಿಸಿ, ಮೇಣದಬತ್ತಿ ಹಚ್ಚಿ ಬರುತ್ತೇವೆ. ಅದೇ ತಿಂಗಳಲ್ಲಿ ಹುಬ್ಬಳ್ಳಿಯ ಬ್ಯಾಂಕುಗಳಲ್ಲಿ ರೈಲ್ವೆಯಿಂದ ನಿವೃತ್ತರಾದ ಹಿರಿಯರು, ತಾವಿನ್ನೂ ಬದುಕಿದ್ದೇವೆಂದು ತೋರಿಸಲು ಸಾಲುಗಟ್ಟಿ ನಿಂತಿರುವುದನ್ನು ನೀವು ಕಂಡಿರಬಹುದು. 2014ರಲ್ಲಿ ‘ಜೀವನ್ ಪ್ರಮಾಣ್’ ವ್ಯವಸ್ಥೆ ಬಂದ ಮೇಲೆ ಬೆರಳೊತ್ತಿದರೂ ಸಾಕು. ಎಂಬತ್ತು ತುಂಬಿದವರಿಗೆ ಅಕ್ಟೋಬರಿನಿಂದಲೇ ಅವಕಾಶವಿದೆ. ದುಡಿದು ದುಡಿದು ಬೆರಳಿನ ಗೆರೆಯೇ ಸವೆದವರ ಪಾಡು ಮಾತ್ರ ಬೇರೆ.

ನನ್ನ ಅಕ್ಕ ಈ ಸಾಲಿನಲ್ಲಿ ನಿಲ್ಲುವವಳಲ್ಲ. ಆಕೆಗೆ ಪಿಂಚಣಿ ಕೊಡುವುದು ಬ್ರಿಟನ್. 1971ರಲ್ಲಿ ದಾದಿಯಾಗಿ ಅಲ್ಲಿಗೆ ಹೋದವಳು, ಗಂಡನನ್ನು ಅಲ್ಲಿಯೇ ಮಣ್ಣು ಮಾಡಿ, 2005ರಲ್ಲಿ ಧಾರವಾಡಕ್ಕೆ ಮರಳಿದಳು. ಈ ನಡುವೆ ಅಲ್ಲಿನ ಪೌರತ್ವ ಪಡೆದಿದ್ದಳು. ಪರದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದೊಡನೆ ಭಾರತದ ಪೌರತ್ವ ತಾನಾಗಿ ಕಳಚಿಕೊಳ್ಳುತ್ತದೆಂಬುದು ನಮ್ಮ ಕಾನೂನು. ಹೀಗಾಗಿ ಹುಟ್ಟಿದ ಊರಿಗೆ ವೀಸಾ ಹಚ್ಚಿಸಿಕೊಂಡು ಬಂದು, ಪರದೇಶದವಳೆಂದು ಪೊಲೀಸರಲ್ಲಿ ಹೆಸರು ಬರೆಸಬೇಕಾಯಿತು. ಆ ದಿನ ಅವಳು ಊಟ ಮಾಡಲಿಲ್ಲ.

ಅದೇ ವರ್ಷದ ಡಿಸೆಂಬರಿನಲ್ಲಿ ಸಾಗರೋತ್ತರ ಭಾರತೀಯ ನಾಗರಿಕರ ಯೋಜನೆ, ಅಂದರೆ ಒಸಿಐ, ಜಾರಿಗೆ ಬಂದಿತು. ಆಜೀವ ವೀಸಾ ದೊರೆಯಿತು. ಪೊಲೀಸ್ ನೋಂದಣಿ ತಪ್ಪಿತು. ಹೆಸರಿನಲ್ಲಿ ‘ನಾಗರಿಕ’ ಎಂದಿದ್ದರೂ ಮತದಾನವಿಲ್ಲ. ಪಿತ್ರಾರ್ಜಿತವಾಗಿ ಬಂದುದನ್ನು ಇಟ್ಟುಕೊಳ್ಳಬಹುದಾದರೂ ಹೊಲ ತೋಟಗಳನ್ನು ಕೊಳ್ಳುವಂತಿಲ್ಲ. ಧರ್ಮಪ್ರಚಾರದ ಕಾರ್ಯಕ್ಕೆ ವಿಶೇಷ ಅನುಮತಿ ಪಡೆಯಬೇಕೆಂದು 2021ರ ಮಾರ್ಚ್ ತಿಂಗಳ ಅಧಿಸೂಚನೆ ಹೇಳುತ್ತದೆ. ನಿಮ್ಮ ಮನೆಗೂ ಇಂಥ ಹಿರಿಯರು ಮರಳಿದ್ದರೆ ಇವನ್ನು ಮೊದಲೇ ತಿಳಿದಿರುವುದು ಲೇಸು. ಅಕ್ಕ ಕೆಲಗೇರಿಯ ಕಡೆ ಎರಡು ಎಕರೆ ಮಾವಿನ ತೋಟ ನೋಡಿ, ಮನಸ್ಸಿನಲ್ಲೇ ಬಾವಿಯನ್ನೂ ತೋಡಿಸಿಬಿಟ್ಟಿದ್ದಳು!

ಹಣದ ಮಾತು ಇನ್ನೂ ವಿಚಿತ್ರ. ಬ್ರಿಟನ್ನಿನ ಸರ್ಕಾರಿ ವೃದ್ಧಾಪ್ಯ ಪಿಂಚಣಿ ಅಲ್ಲಿ ವಾಸಿಸುವವರಿಗೆ ವರ್ಷವರ್ಷವೂ ಏರುತ್ತದೆ. ಅಮೆರಿಕದಲ್ಲಿ ನೆಲೆಸಿದವರಿಗೂ ಏರುತ್ತದೆ. ಭಾರತ, ಕೆನಡಾ, ಆಸ್ಟ್ರೇಲಿಯಗಳಿಗೆ ಹೋದವರಿಗೆ ಏರುವುದಿಲ್ಲ. 2005ರಲ್ಲಿ ಪೂರ್ಣ ಮೂಲ ಪಿಂಚಣಿ ವಾರಕ್ಕೆ 82.05 ಪೌಂಡ್ ಇತ್ತು. 2025ರ ಏಪ್ರಿಲಿನಲ್ಲಿ ಅದು 176.45 ಪೌಂಡ್ ಆಯಿತು. ಆದರೆ 2005ರಲ್ಲಿ ಪಿಂಚಣಿ ಹಿಡಿದು ಇಲ್ಲಿಗೆ ಬಂದವರಿಗೆ ಇಂದಿಗೂ ಆ ಹಳೆಯ ದರವೇ. ದಕ್ಷಿಣ ಆಫ್ರಿಕದಲ್ಲಿ ನೆಲೆಸಿದ್ದ ಆನೆಟ್ ಕಾರ್ಸನ್ ಎಂಬ ಮಹಿಳೆ ಇದನ್ನು ಪ್ರಶ್ನಿಸಿ ಬ್ರಿಟನ್ನಿನ ನ್ಯಾಯಾಲಯಗಳಲ್ಲಿ ಸೋತು, ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 2010ರಲ್ಲಿ ಅಲ್ಲಿಯೂ ಸೋತರು. ಒಂದೇ ಆಸ್ಪತ್ರೆಯಲ್ಲಿ ಒಂದೇ ಪಾಳಿಯಲ್ಲಿ ದುಡಿದು ಸಮನಾದ ವಂತಿಗೆ ಕಟ್ಟಿದ ಇಬ್ಬರು ದಾದಿಯರಲ್ಲಿ, ಮುಪ್ಪಿನಲ್ಲಿ ತವರಿಗೆ ಮರಳಿದವಳಿಗೆ ಅರ್ಧ ಕೂಲಿ. ಇದು ನ್ಯಾಯವೆಂದು ನನಗಂತೂ ತೋರುವುದಿಲ್ಲ. ಅಕ್ಕ ಮಾತ್ರ, “ಅಲ್ಲಿ ಚಳಿಗೂ ರೊಕ್ಕಾ ಕೊಡಬೇಕೋ ತಮ್ಮಾ, ಇಲ್ಲಿ ಬಿಸಲು ಪುಕ್ಕಟೆ” ಎಂದು ನಗುತ್ತಾಳೆ.

ಅವಳು ನಗದೆ ಇದ್ದದ್ದು ಒಂದೇ ಸಲ. ಅದಕ್ಕೆ ಕಾರಣ ನಾನು.

ಪರದೇಶದಲ್ಲಿರುವ ಪಿಂಚಣಿದಾರರಿಗೆ ಅಲ್ಲಿಂದ ಆಗಾಗ ಜೀವಂತ ಪ್ರಮಾಣಪತ್ರದ ನಮೂನೆ ಅಂಚೆಯಲ್ಲಿ ಬರುತ್ತದೆ. ಅದಕ್ಕೆ ನವೆಂಬರ್ ಎಂಬ ನೇಮವಿಲ್ಲ. ಸಾಕ್ಷಿಯ ಸಹಿ ಹಾಕಿಸಿ ಹಿಂದಿರುಗಿಸದಿದ್ದರೆ ಹಣ ನಿಲ್ಲಬಹುದು. 2019ರಲ್ಲಿ ಬಂದ ಆ ಲಕೋಟೆಯನ್ನು ನಾನೇ ಅಂಚೆಯವನಿಂದ ಪಡೆದು, “ಯಾವುದೋ ಕಾಗದ” ಎಂದು ಹಳೆಯ ಪತ್ರಿಕೆಗಳ ಮೇಲಿರಿಸಿ ಮರೆತೆ. ತಿಂಗಳುಗಳು ಕಳೆದವು, ಹಣ ಜಮೆಯಾಗಲಿಲ್ಲ. ಔಷಧದ ಅಂಗಡಿಯಲ್ಲಿ ಅಕ್ಕ ಮೊದಲ ಬಾರಿಗೆ ಸಾಲ ಹೇಳಿದಳು. ರದ್ದಿಗೆ ಹಾಕಲು ಪತ್ರಿಕೆಗಳನ್ನು ಕಟ್ಟುವಾಗ ಲಕೋಟೆ ಕೆಳಗೆ ಬಿತ್ತು. ಅವಳು ಅದನ್ನೆತ್ತಿ ಓದಿ, “ನೀನೂ ನನ್ನ ಸತ್ತವರ ಲೆಕ್ಕಕ್ಕ ಹಾಕಿದೇನೋ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಒಡಹುಟ್ಟಿದ ನನ್ನ ಸಾಕ್ಷ್ಯ ಅಲ್ಲಿ ನಡೆಯುವುದಿಲ್ಲ. ಸಹಿ ಹಾಕಬಲ್ಲವರಲ್ಲಿ ಧರ್ಮಗುರುಗಳೂ ಇದ್ದಾರೆಂದು ತಿಳಿದು, ಮರುದಿನದ ಬಲಿಪೂಜೆಯ ನಂತರ ಇಬ್ಬರೂ ಗುರುಗಳ ಮನೆಗೆ ಹೋದೆವು. ನಮೂನೆಯನ್ನು ಅವರ ಮುಂದಿಡುವ ಮೊದಲೇ ಅಕ್ಕ ಬಹುದಿನಗಳಿಂದ ನುಂಗಿಕೊಂಡಿದ್ದ ಪ್ರಶ್ನೆ ಕೇಳಿದಳು: “ಫಾದರ್, ನಾ ಪರದೇಶದಾಕಿ. ನಮ್ಮ ಅವ್ವನ ಬಾಜೂಕ ನನಗ ಜಾಗಾ ಸಿಗತದೇನ್ರಿ?”

ಆದಿಕಾಂಡದ 23ನೆಯ ಅಧ್ಯಾಯವನ್ನು ನೀವು ಓದಿರುತ್ತೀರಿ. ಸಾರಾಳನ್ನು ಹೂಳಲು ಅಬ್ರಹಾಮನಿಗೆ ಸ್ವಂತದ ನೆಲವಿರಲಿಲ್ಲ. ತಾನು ಪರದೇಶಿಯೆಂದು ಹೇಳಿಕೊಂಡು ಹಿತ್ತಿಯರ ಮುಂದೆ ಬಾಗಿದ. ಎಫ್ರೋನನು ಸುಮ್ಮನೆ ಕೊಡುತ್ತೇನೆಂದರೂ ಒಪ್ಪದೆ, ನಾನೂರು ಬೆಳ್ಳಿ ನಾಣ್ಯ ತೂಗಿಕೊಟ್ಟು, ಊರಬಾಗಿಲಲ್ಲಿ ಎಲ್ಲರ ಸಾಕ್ಷಿಯಾಗಿ ಹೊಲ ಸಮೇತ ಗುಹೆಯನ್ನು ಕೊಂಡ. (ಇಂದಿನ ನಮ್ಮ ಕಾನೂನಿನಲ್ಲಾದರೆ ಆ ಹೊಲ ಅವನಿಗೆ ದಕ್ಕುತ್ತಿರಲಿಲ್ಲವೆಂದು ಅಕ್ಕನೇ ಒಮ್ಮೆ ಹೇಳಿದ್ದಳು.)

ಗುರುಗಳು ಮಾತಾಡದೆ ಎದ್ದು, ಬೀರುವಿನಿಂದ ಹಳೆಯ ದೀಕ್ಷಾಸ್ನಾನದ ದಾಖಲೆ ಪುಸ್ತಕ ತೆಗೆದರು. 1945ರ ಹಾಳೆಗಳಲ್ಲಿ ಲತೀನ್ ಭಾಷೆಯ ಬರಹದ ನಡುವೆ ಅಪ್ಪ, ಅವ್ವರ ಹೆಸರು, ಅವುಗಳೊಡನೆ ಅಕ್ಕನದು. ಮಸಿ ಕಂದುಬಣ್ಣಕ್ಕೆ ತಿರುಗಿತ್ತು. ಅಕ್ಕ ಕನ್ನಡಕ ಒರೆಸಿಕೊಂಡು ಬೆರಳಿಟ್ಟು ಓದಿದಳು, ಇನ್ನೊಮ್ಮೆ ಓದಿದಳು. ಆಮೇಲೆ ಗುರುಗಳು ಬ್ರಿಟನ್ನಿನ ನಮೂನೆಗೆ ಸಹಿ ಹಾಕಿ, ಧರ್ಮಕೇಂದ್ರದ ಮುದ್ರೆ ಒತ್ತಿದರು. ಲಕೋಟೆಯನ್ನು ನಾನು ಅಂದೇ ಪ್ರಧಾನ ಅಂಚೆ ಕಚೇರಿಗೆ ಒಯ್ದೆ. ಕೆಲವು ವಾರಗಳ ತರುವಾಯ ನಿಂತ ಹಣವೆಲ್ಲ ಒಟ್ಟಿಗೆ ಬಂದಿತು.

ಈಗ ಅಕ್ಕನಿಗೆ ಎಂಬತ್ತು ದಾಟಿದೆ. ಅಂಚೆಯವನ ಗಾಡಿಯ ಸದ್ದಾದರೆ ನನಗಿಂತ ಮೊದಲು ಬಾಗಿಲಿಗೆ ಹೋಗುವವಳು ಅವಳೇ.