ಬ್ಲೈಟಿ ಮತ್ತು ಸೀಮೆಹುಣಸೆ

ದೇವರಾಯಸಮುದ್ರದ ಹೊಲಗಳ ಬೇಲಿಯಲ್ಲಿ ಸೀಮೆಹುಣಸೆ ಮರಗಳಿದ್ದವು. ಸುರುಳಿ ಸುತ್ತಿದ ಕಾಯಿ ಒಡೆದು ಬಿಳಿ ತಿರುಳು ಕಂಡರೆ ಮಕ್ಕಳಾದ ನಮಗೆ ಹಬ್ಬ. ಮನೆಯಲ್ಲಿ ಅಜ್ಜಿ ದಾದಿಮಾ ಅದನ್ನು ‘ವಿಲಾಯತಿ ಇಮ್ಲಿ’ ಎನ್ನುತ್ತಿದ್ದರು. ಉರ್ದು ಶಾಲೆಯಿಂದ ಕನ್ನಡ ಶಾಲೆಗೆ ಹೋದಾಗ ಅದು ‘ಸೀಮೆಹುಣಸೆ’ಯಾಯಿತು. ಹೆಸರು ಎರಡಾದರೂ ಅರ್ಥ ಒಂದೇ: ಹೊರಗಿನಿಂದ ಬಂದ ಹುಣಸೆ.

ಬಹಳ ವರ್ಷಗಳ ಮೇಲೆ ಹಳೆಯ ಇಂಗ್ಲಿಷ್ ಕಥೆಯೊಂದರಲ್ಲಿ ‘ಬ್ಲೈಟಿ’ ಎಂಬ ಪದ ಎದುರಾಯಿತು. ನಿಘಂಟು ತೆರೆದು ನೋಡಿದರೆ ಅದು ದಾದಿಮಾರ ‘ವಿಲಾಯತಿ’ಯೇ! ಅರಬಿಯಲ್ಲಿ ‘ವಿಲಾಯತ್’ ಎಂದರೆ ಆಡಳಿತ, ಪ್ರಾಂತ. ಫಾರಸಿಯ ಮೂಲಕ ನಮ್ಮಲ್ಲಿಗೆ ಬಂದು ಅದು ಪರದೇಶವಾಯಿತು, ಕೊನೆಗೆ ಇಂಗ್ಲೆಂಡೇ ಆಯಿತು. ಜನರ ಬಾಯಲ್ಲಿ ‘ಬಿಲಾಯತಿ’ ಎಂದೂ ತಿರುಗಿತು. 1886ರ ‘ಹಾಬ್ಸನ್-ಜಾಬ್ಸನ್’ ನಿಘಂಟಿನಲ್ಲಿ ಸೋಡಾಕ್ಕೆ ‘ಬಿಲಾಯತಿ ಪಾನಿ’ ಎಂಬ ಹೆಸರಿದೆ. ಇಲ್ಲಿದ್ದ ಬ್ರಿಟಿಷ್ ಸಿಪಾಯಿಗಳು ಈ ಮಾತನ್ನು ಎತ್ತಿಕೊಂಡು ತಮ್ಮ ತಾಯ್ನಾಡನ್ನು ‘ಬ್ಲೈಟಿ’ ಎಂದು ಕರೆದರು. 1914-18ರ ಮಹಾಯುದ್ಧದ ಕಂದಕಗಳಲ್ಲಿ ‘ಬ್ಲೈಟಿ’ ಎಂದರೆ ಒಂದು ಬಗೆಯ ಗಾಯವೂ ಹೌದು. ಪ್ರಾಣ ತೆಗೆಯದೆ ಊರಿಗೆ ಕಳಿಸುವಂಥ ಗಾಯ. ನಾವು ಪರದೇಶ ಎಂದದ್ದು ಅವರಿಗೆ ಮನೆಯಾಯಿತು.

ಕನ್ನಡದ ‘ಸೀಮೆ’ಯೂ ಹೀಗೆಯೇ. ಸೀಮೆಎಣ್ಣೆ, ಸೀಮೆಸುಣ್ಣದಲ್ಲಿ ಅದು ಪರದೇಶ. ‘ನಮ್ಮ ಸೀಮೆ’ ಎಂದಾಗ ಸ್ವಂತ ನೆಲ. ವಿಲಾಯತ್ ಹುಟ್ಟಿದ ಧಾತುವಿನಿಂದಲೇ ‘ವಲಿ’ ಬಂದಿದೆ. ವಲಿ ಎಂದರೆ ಹತ್ತಿರದವನು, ಆಪ್ತ. ಮುಳಬಾಗಿಲಿನ ಹೈದರ್ ವಲಿ ದರ್ಗಾಕ್ಕೆ ಹೋಗುವ ಹಿಂದೂಗಳೂ ಮುಸ್ಲಿಮರೂ ಆ ಪದವನ್ನು ಪ್ರೀತಿಯಿಂದಲೇ ಆಡುತ್ತಾರೆ.

ಒಮ್ಮೆ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು ನಮ್ಮ ಹೆಸರು ಕೇಳಿ, “ಕನ್ನಡ ಚೆನ್ನಾಗಿ ಮಾತಾಡ್ತೀರ ಸಾಬ್ರೇ, ಮೂಲ ಎಲ್ಲಿ?” ಎಂದರು.

“ದೇವರಾಯಸಮುದ್ರ.”

“ಅದಲ್ಲ, ಅದಕ್ಕೂ ಮುಂಚೆ?”

ಅವರ ಮಾತಿನಲ್ಲಿ ಕೆಡುಕಿರಲಿಲ್ಲ. ಆದರೂ ಮನಸ್ಸು ನೊಂದಿತು. ಉತ್ತರ ಹೊಳೆಯದೆ ಕಿಟಕಿಯತ್ತ ತಿರುಗಿದೆವು. ಈಗಾದರೆ ಸೀಮೆಹುಣಸೆಯ ಕಥೆ ಹೇಳುತ್ತಿದ್ದೆವು. ಅದರ ಮೂಲ ಮೆಕ್ಸಿಕೊ ಕಡೆ. ಕೋಲಾರದ ಮಾರುಕಟ್ಟೆಯಲ್ಲಿ ರಾಶಿ ಬೀಳುವ ಟೊಮೆಟೊದ ಮೂಲ ದಕ್ಷಿಣ ಅಮೆರಿಕ. ಉರ್ದುವಿನಲ್ಲಿ ಅದಕ್ಕೆ ಒಂದು ಕಾಲಕ್ಕೆ ‘ವಿಲಾಯತಿ ಬೈಂಗನ್’, ಅಂದರೆ ಪರದೇಶಿ ಬದನೆ ಎಂಬ ಹೆಸರಿತ್ತು. ಇಂದು ಟೊಮೆಟೊ ಬೆಲೆ ಬಿದ್ದರೆ ಅಳುವವನು ನಮ್ಮ ಸೀಮೆಯ ರೈತ. ಅದರ ಊರು ಯಾವುದೆಂದು ಯಾರೂ ಕೇಳುವುದಿಲ್ಲ.

ದಾದಿಮಾ ಕೋಲಾರದಿಂದಾಚೆಗೆ ಹೋದವರಲ್ಲ. ದೇವರಾಯಸಮುದ್ರದ ಮಣ್ಣಿನಲ್ಲೇ ಮಲಗಿದ್ದಾರೆ. ವಿಲಾಯತ್ ಯಾವ ದಿಕ್ಕಿಗಿದೆ ಎಂಬುದೂ ಅವರಿಗೆ ಗೊತ್ತಿರಲಿಲ್ಲ.